ಒಳಗಿರುವುದು ಕಾಣಲೇಬೇಕೆ?

ಔಷಧದ ಅಂಗಡಿಯವರು ಎರಡು ಟ್ಯೂಬುಗಳನ್ನು ನಿಮ್ಮ ಮುಂದೆ ಇಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ಕಿನದು. ಒಳಗಿನ ಜೆಲ್ ಥಳಥಳಿಸುತ್ತಿದೆ. ಇನ್ನೊಂದು ಬಿಳಿ ಬಣ್ಣದ್ದು. ಒಳಗೆ ಏನಿದೆ, ಎಷ್ಟಿದೆ ಎಂಬುದು ಕಾಣುವುದೇ ಇಲ್ಲ. ನಿಮ್ಮ ಕೈ ಯಾವುದರತ್ತ ಹೋಗುತ್ತದೆ? ಹೆಚ್ಚಿನವರ ಕೈ ಹೋಗುವುದು ಮೊದಲನೆಯದರತ್ತಲೇ. ಕಣ್ಣಿಗೆ ಕಾಣುವ ವಸ್ತುವಿನಲ್ಲಿ ಮೋಸವಿಲ್ಲ ಎಂಬ ನಂಬಿಕೆ ನಮ್ಮದು. ಆದರೆ ಔಷಧದ ವಿಷಯದಲ್ಲಿ ಈ ನಂಬಿಕೆ ಅನೇಕ ವೇಳೆ ನಮ್ಮನ್ನು ದಾರಿ ತಪ್ಪಿಸುತ್ತದೆ.

ನಮ್ಮ ಅಜ್ಜಿಯರು ಉಪ್ಪಿನಕಾಯಿಯನ್ನು ಯಾವುದರಲ್ಲಿ ಹಾಕಿಡುತ್ತಿದ್ದರು, ನೆನಪಿಸಿಕೊಳ್ಳಿ. ದಪ್ಪನೆಯ ಪಿಂಗಾಣಿ ಭರಣಿಯಲ್ಲಿ. ಅದರ ಬಾಯಿಗೆ ಬಟ್ಟೆ ಕಟ್ಟಿ, ಅಟ್ಟದ ಕತ್ತಲ ಮೂಲೆಯಲ್ಲಿ ಇಡುತ್ತಿದ್ದರು. ಗಾಳಿ, ಬೆಳಕು, ನೀರಿನ ಪಸೆ ಈ ಮೂರೂ ಒಳಗಿನ ವಸ್ತುವಿನ ವೈರಿಗಳು ಎಂಬುದು ಅವರಿಗೆ ಅನುಭವದಿಂದ ತಿಳಿದಿತ್ತು. ಇಂದಿನ ಮುಲಾಮಿನ ಟ್ಯೂಬು ಮಾಡಬೇಕಾದ ಕೆಲಸವೂ ಅದೇ. ಅದರ ಜೊತೆಗೆ ಇನ್ನೊಂದು ಕೆಲಸವೂ ಇದೆ: ಒಳಗಿನ ಕರ್ಪೂರ, ಮೆಂಥಾಲ್, ಪುದೀನ ಎಣ್ಣೆಗಳಂಥ ಹಾರಿಹೋಗುವ ವಸ್ತುಗಳು ಹೊರಗೆ ಹೋಗದಂತೆ ತಡೆಯುವುದು.

ಟ್ಯೂಬು ಹುಟ್ಟಿದ್ದೇ ಗಾಳಿಯನ್ನು ತಡೆಯಲಿಕ್ಕಾಗಿ. ಅಮೆರಿಕದ ಚಿತ್ರಕಲಾವಿದ ಜಾನ್ ಗಾಫ್ ರ‍್ಯಾಂಡ್ 1841ರಲ್ಲಿ ಲೋಹದ ಹಿಸುಕುವ ಟ್ಯೂಬಿಗೆ ಪೇಟೆಂಟ್ ಪಡೆದರು. ಅಲ್ಲಿಯವರೆಗೆ ಕಲಾವಿದರು ಎಣ್ಣೆ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ತುಂಬಿಡುತ್ತಿದ್ದರು. ಒಮ್ಮೆ ಚುಚ್ಚಿ ತೆರೆದರೆ ಬಣ್ಣ ಬೇಗನೆ ಒಣಗಿ ಹಾಳಾಗುತ್ತಿತ್ತು. ಹಲ್ಲಿನ ಪೇಸ್ಟು ಟ್ಯೂಬಿಗೆ ಬಂದದ್ದು ಆ ಬಳಿಕ, ಹತ್ತೊಂಬತ್ತನೆಯ ಶತಮಾನದ ಕೊನೆಗೆ. ನಲವತ್ತು ದಾಟಿದ ಓದುಗರಿಗೆ ಅಲ್ಯೂಮಿನಿಯಂ ಟ್ಯೂಬು ಚೆನ್ನಾಗಿ ನೆನಪಿರಬೇಕು. ಹಿಸುಕಿದರೆ ಹಿಸುಕಿದ ಹಾಗೆಯೇ ಉಳಿಯುತ್ತಿತ್ತು, ಮಡಿಸಿದಲ್ಲಿ ಬಣ್ಣ ಉದುರುತ್ತಿತ್ತು, ಕೆಲವೊಮ್ಮೆ ಒಡೆದು ಪೇಸ್ಟು ಬೆನ್ನಿನಿಂದ ಹೊರಬರುತ್ತಿತ್ತು. ನೋಡಲು ಚೆಂದವಿರಲಿಲ್ಲ, ನಿಜ. ಆದರೆ ಬೆಳಕನ್ನೂ ಗಾಳಿಯನ್ನೂ ತಡೆಯುವುದರಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಈಗಲೂ ಕಣ್ಣಿನ ಮುಲಾಮು, ಚರ್ಮದ ಮುಲಾಮು ಅನೇಕವು ಲೋಹದ ಟ್ಯೂಬಿನಲ್ಲಿಯೇ ಬರುತ್ತವೆ.

ಇಂದು ನಿಮ್ಮ ಮನೆಯಲ್ಲಿರುವ ಪೇಸ್ಟಿನ ಟ್ಯೂಬನ್ನು ಖಾಲಿಯಾದ ಮೇಲೆ ಕತ್ತರಿಸಿ ನೋಡಿ. ಒಂದೇ ಹಾಳೆಯಂತೆ ಕಾಣುವ ಅದು ನಿಜವಾಗಿ ಐದಾರು ಪದರಗಳ ಅಂಟುಗೂಡು. ಹೊರಗೊಂದು ಪಾಲಿಥಿನ್, ಒಳಗೊಂದು ಪಾಲಿಥಿನ್, ನಡುವೆ ಅಂಟಿನ ಪದರಗಳು, ಅವುಗಳ ನಡುವೆ ಕೂದಲೆಳೆಗಿಂತ ತೆಳುವಾದ ಅಲ್ಯೂಮಿನಿಯಂ ಹಾಳೆ. ಎಲ್ಲವೂ ಸೇರಿದರೆ ದಪ್ಪ ಮಿಲಿಮೀಟರಿನ ಕಾಲು ಭಾಗದ ಆಸುಪಾಸು. ಪ್ರತಿ ಪದರಕ್ಕೂ ಒಂದೊಂದು ಕರ್ತವ್ಯವಿದೆ. ಪಾಲಿಥಿನ್ ನೀರಿನ ಪಸೆಯನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಆಮ್ಲಜನಕ ಅದರ ಮೂಲಕ ಸುಲಭವಾಗಿ ನುಸುಳುತ್ತದೆ. ಆಮ್ಲಜನಕಕ್ಕೂ ಬೆಳಕಿಗೂ ಬಾಗಿಲು ಮುಚ್ಚುವುದು ಅಲ್ಯೂಮಿನಿಯಂ ಹಾಳೆ.

ಅಲ್ಯೂಮಿನಿಯಂ ಇಲ್ಲದ ಟ್ಯೂಬುಗಳೂ ಇವೆ. ಅವುಗಳಲ್ಲಿ ನಡುವಿನ ಪದರ ಎಥಿಲೀನ್ ವಿನೈಲ್ ಆಲ್ಕೊಹಾಲ್ ಎಂಬ ಪ್ಲಾಸ್ಟಿಕ್ಕಿನದು. ಒಣಗಿದ್ದಾಗ ಇದು ಪಾಲಿಥಿನ್‌ಗಿಂತ ಸಾವಿರಾರು ಪಟ್ಟು ಹೆಚ್ಚಾಗಿ ಆಮ್ಲಜನಕವನ್ನು ತಡೆಯುತ್ತದೆ. ಆದರೆ ಇದಕ್ಕೊಂದು ದೌರ್ಬಲ್ಯವಿದೆ: ನೀರು ಕುಡಿದರೆ ಇದರ ತಡೆಯುವ ಶಕ್ತಿ ಕುಗ್ಗುತ್ತದೆ. ಅದಕ್ಕಾಗಿಯೇ ಇದನ್ನು ಎರಡು ಪಾಲಿಥಿನ್ ಪದರಗಳ ನಡುವೆ ಬಚ್ಚಿಡುತ್ತಾರೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಏರ್ಪಾಡು ಇದು.

ಈಗ ತಿಳಿಯಾದ ಟ್ಯೂಬಿನ ಪ್ರಶ್ನೆಗೆ ಬರೋಣ. ಪಾರದರ್ಶಕತೆ ಬೇಕೆಂದ ಕೂಡಲೇ ಅಲ್ಯೂಮಿನಿಯಂ ಹಾಳೆಯನ್ನು ಕೈಬಿಡಬೇಕಾಗುತ್ತದೆ. ಪಾಲಿಥಿನ್‌ನಲ್ಲಿಯೂ ಒಂದು ತೊಡಕಿದೆ. ಅದರ ಅಣುಗಳು ಒತ್ತಾಗಿ, ಶಿಸ್ತಾಗಿ ಜೋಡಣೆಗೊಂಡಷ್ಟೂ ಪಸೆಯನ್ನು ಹೆಚ್ಚು ತಡೆಯುತ್ತದೆ. ಆದರೆ ಅಷ್ಟೇ ಮಟ್ಟಿಗೆ ಬೆಳಕನ್ನು ಚದುರಿಸಿ ಹಾಲುಹಾಲಾಗಿ ಕಾಣುತ್ತದೆ. ತಿಳಿಯಾಗಿಸಲು ಹೊರಟರೆ ತಡೆ ಸ್ವಲ್ಪ ಸಡಿಲವಾಗುತ್ತದೆ. ತಯಾರಕರು ಇದಕ್ಕೆ ಉಪಾಯಗಳನ್ನು ಕಂಡುಕೊಂಡಿದ್ದಾರೆ. ಎಥಿಲೀನ್ ವಿನೈಲ್ ಆಲ್ಕೊಹಾಲ್ ಪದರ ತಾನೇ ತಿಳಿಯಾದದ್ದು. ತಿಳಿ ಪ್ಲಾಸ್ಟಿಕ್ ಹಾಳೆಯ ಮೇಲೆ ಗಾಜಿನಂಥ ಸಿಲಿಕಾ ವಸ್ತುವನ್ನು ಅತಿ ತೆಳುವಾಗಿ ಲೇಪಿಸುವುದೂ ಉಂಟು. ಹೀಗೆ ಗಾಳಿಯನ್ನೂ ಪಸೆಯನ್ನೂ ತಡೆಯಬಲ್ಲ ತಿಳಿ ಟ್ಯೂಬನ್ನು ತಯಾರಿಸುವುದು ಇಂದು ಅಸಾಧ್ಯವೇನಲ್ಲ.

ಆದರೆ ಬೆಳಕು? ಒಳಗಿನದು ನಮ್ಮ ಕಣ್ಣಿಗೆ ಕಾಣುತ್ತಿದೆ ಎಂದರೆ ಬೆಳಕು ಒಳಗೆ ಹೋಗಿ ಹಿಂದಿರುಗಿ ಬಂದಿದೆ ಎಂದೇ ಅರ್ಥ. ನೇರಳಾತೀತ ಕಿರಣಗಳನ್ನು ಹೀರುವ ವಸ್ತುವನ್ನು ಪ್ಲಾಸ್ಟಿಕ್ಕಿಗೆ ಬೆರೆಸಬಹುದು. ಕಣ್ಣಿಗೆ ಕಾಣುವ ಬೆಳಕಿನಲ್ಲೇ ಹಾಳಾಗುವ ಔಷಧಕ್ಕೆ ಅದೂ ಸಾಲದು. ಇಲ್ಲಿ ರಾಜಿಗೆ ಅವಕಾಶ ಕಡಿಮೆ.

ಇದು ಬರಿಯ ಕಾರ್ಖಾನೆಯವರ ತಲೆನೋವು, ನಮಗೇಕೆ ಎನ್ನಬೇಡಿ. ಮೊಡವೆಗೆ ವೈದ್ಯರು ಬರೆದುಕೊಡುವ ಟ್ರೆಟಿನಾಯಿನ್ ಎಂಬ ಔಷಧವನ್ನೇ ತೆಗೆದುಕೊಳ್ಳಿ. ಇದು ‘ಎ’ ಜೀವಸತ್ವದ ಬಂಧು. ಬಿಸಿಲಷ್ಟೇ ಅಲ್ಲ, ಕೋಣೆಯ ಟ್ಯೂಬ್‌ಲೈಟಿನ ಬೆಳಕೂ ಇದನ್ನು ಕೆಡಿಸಬಲ್ಲದು. ಇದನ್ನು ರಾತ್ರಿ ಮಲಗುವ ಮುನ್ನ ಹಚ್ಚಿಕೊಳ್ಳಿ ಎಂದು ವೈದ್ಯರು ಹೇಳುವುದಕ್ಕೆ ಇದೂ ಒಂದು ಕಾರಣ. ಈಗ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಹಾಸ್ಟೆಲಿಗೆ ಒಯ್ಯಲು ಅನುಕೂಲವೆಂದು ಈ ಮುಲಾಮನ್ನು ಮುದ್ದಾದ ತಿಳಿ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟಳೆನ್ನಿ. ಕಿಟಕಿಯ ಗಾಜು ನೇರಳಾತೀತ ಕಿರಣಗಳಲ್ಲಿ ಒಂದು ಭಾಗವನ್ನು ತಡೆದರೂ ಉಳಿದದ್ದನ್ನು ಒಳಗೆ ಬಿಡುತ್ತದೆ. ದಿನ ಕಳೆದಂತೆ ಔಷಧದ ಸತ್ವ ಇಳಿಯುತ್ತದೆ. ನೋಡಲು ಮಾತ್ರ ಅದು ಮೊದಲಿನ ಹಾಗೆಯೇ ಇರಬಹುದು.

ಮುಂದೇನಾಗುತ್ತದೆ? ಮೊಡವೆ ಹೋಗುವುದಿಲ್ಲ. ಹುಡುಗಿಗೆ ಔಷಧದ ಮೇಲೆ, ಕೊನೆಗೆ ವೈದ್ಯರ ಮೇಲೆಯೇ ನಂಬಿಕೆ ಹೋಗುತ್ತದೆ. ಯಾರೋ ಹೇಳಿದರೆಂದು ಸ್ಟೀರಾಯ್ಡ್ ಬೆರೆತ ಕ್ರೀಮನ್ನು ತಾನೇ ಕೊಂಡು ಹಚ್ಚುತ್ತಾಳೆ. ಕೆಲವು ದಿನ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ಇಮ್ಮಡಿಯಾಗುತ್ತದೆ. ಸತ್ವ ಕಳೆದುಕೊಂಡ ಔಷಧದ ಅಪಾಯ ಇರುವುದು ಇಲ್ಲಿ. ಅದು ವಿಷವಾಗಬೇಕೆಂದೇನೂ ಇಲ್ಲ. ಕೆಲಸ ಮಾಡದಿದ್ದರೆ ಸಾಕು, ನಮ್ಮನ್ನು ತಪ್ಪು ಹಾದಿಗೆ ಎಳೆಯುತ್ತದೆ.

ಬಣ್ಣ ಬದಲಾದರೆ ತಿಳಿಯುವುದಿಲ್ಲವೇ, ಅದಕ್ಕಾದರೂ ತಿಳಿ ಟ್ಯೂಬು ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ‘ಸಿ’ ಜೀವಸತ್ವ ಗಾಳಿ ತಗಲಿ ಹಳದಿಯಾಗಿ, ಆಮೇಲೆ ಕಂದಾಗುವುದನ್ನು ಕಣ್ಣಿನಿಂದಲೇ ಕಾಣಬಹುದು. ರಕ್ತನಾಳಕ್ಕೆ ಕೊಡುವ ಗ್ಲೂಕೋಸ್ ಬಾಟಲಿಯಲ್ಲಿ ಕಸ ತೇಲುತ್ತಿದೆಯೇ ಎಂದು ನೋಡಲೇಬೇಕು. ಅಲ್ಲಿ ತಿಳಿಯಾಗಿರುವುದು ಅಗತ್ಯ. ಬೆಳಕಿಗೆ ಜಗ್ಗದ ಸಾಮಾನ್ಯ ಜೆಲ್ಲುಗಳು, ಕೈ ತೊಳೆಯುವ ದ್ರಾವಣಗಳು ತಿಳಿ ಟ್ಯೂಬಿನಲ್ಲಿ ಬಂದರೆ ನನ್ನ ಆಕ್ಷೇಪಣೆಯಿಲ್ಲ. ಎಷ್ಟು ಉಳಿದಿದೆ ಎಂದು ತಿಳಿಯುವುದೂ ಒಂದು ಸೌಕರ್ಯವೇ. ಆದರೆ ಅನೇಕ ಔಷಧಗಳು ಬಣ್ಣ, ವಾಸನೆ ಬದಲಾಗದೆಯೇ ಸತ್ವ ಕಳೆದುಕೊಳ್ಳುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವೆ. ತಿಳಿಯಾಗಿ ಕಾಣುವುದೆಲ್ಲ ಶುದ್ಧವೂ ಅಲ್ಲ. ಕೆಡುವುದನ್ನು ನೋಡಲು ಒಂದು ಕಿಟಕಿ ಇಟ್ಟು, ಆ ಕಿಟಕಿಯಿಂದಲೇ ಕೆಡಿಸುವ ಬೆಳಕನ್ನು ಒಳಬಿಡುವುದು ಜಾಣತನವಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ: ಬೆಳಕಿಗೆ ಕೆಡುವ ಔಷಧಕ್ಕೆ ಮೊದಲು ರಕ್ಷಣೆ, ಆಮೇಲೆ ಅಂದ. ಗಿರಾಕಿಗಳು ತಿಳಿ ಟ್ಯೂಬನ್ನೇ ಮೆಚ್ಚುತ್ತಾರೆ ಎಂಬುದು ತಯಾರಕರ ಸಮಜಾಯಿಷಿಯಾದರೆ, ಆ ಮೆಚ್ಚುಗೆಯನ್ನು ಬದಲಾಯಿಸಿಕೊಳ್ಳಬೇಕಾದವರು ನಾವು. ನಾವು ಕಾಣದ ಟ್ಯೂಬನ್ನು ಸಂಶಯದಿಂದ ನೋಡುವುದನ್ನು ಬಿಟ್ಟರೆ ಅವರೂ ಅಂದದ ಬೆನ್ನು ಹತ್ತುವುದನ್ನು ಕಡಿಮೆ ಮಾಡುತ್ತಾರೆ. ಒಳಗಿರುವುದನ್ನು ತಿಳಿಯಲು ಕಣ್ಣಿಗಿಂತ ಅಕ್ಷರ ಮೇಲು. ಯಾವ ಔಷಧ, ಎಷ್ಟು ಪ್ರಮಾಣ, ಹೇಗೆ ಇಡಬೇಕು, ತೆರೆದ ಮೇಲೆ ಎಷ್ಟು ದಿನ ಬಳಸಬಹುದು ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ, ನಮ್ಮ ಊರಿನಲ್ಲಿ ಮಾರುವುದಾದರೆ ಕನ್ನಡದಲ್ಲಿಯೂ ಅಚ್ಚು ಹಾಕಲಿ. ಅದು ನಿಜವಾದ ಪಾರದರ್ಶಕತೆ.

ಮನೆಯಲ್ಲಿ ನೀವು ಮಾಡಬಹುದಾದದ್ದೂ ಬೇಕಾದಷ್ಟಿದೆ.

ಮೊದಲನೆಯದಾಗಿ, ಟ್ಯೂಬಿನ ಹೊರಗಿನ ರಟ್ಟಿನ ಪೆಟ್ಟಿಗೆಯನ್ನು ಬಿಸಾಡಬೇಡಿ. ತಿಳಿ ಅಥವಾ ಅರೆತಿಳಿ ಟ್ಯೂಬುಗಳ ಪಾಲಿಗೆ ಬೆಳಕನ್ನು ತಡೆಯುವ ಕೊನೆಯ ಪದರ ಆ ಪೆಟ್ಟಿಗೆಯೇ. ಲೇಬಲಿನ ಮೇಲೆ ‘ಪ್ರೊಟೆಕ್ಟ್ ಫ್ರಮ್ ಲೈಟ್’ ಎಂದಿದ್ದರೆ ಬೆಳಕಿನಿಂದ ಕಾಪಾಡಿ ಎಂದರ್ಥ. ಅಂಥದ್ದನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಕಪಾಟಿನಲ್ಲಿಡಿ. ಬಚ್ಚಲುಮನೆಯ ಕಿಟಕಿಯ ಕಟ್ಟೆ, ಕನ್ನಡಿಯ ಮುಂದಿನ ಹಲಗೆ, ಸ್ಕೂಟರಿನ ಡಿಕ್ಕಿ ಔಷಧದ ಜಾಗಗಳಲ್ಲ.

ಎರಡನೆಯದಾಗಿ, ಮುಲಾಮನ್ನು ಅದು ಬಂದ ಟ್ಯೂಬಿನಿಂದ ಬೇರೆ ಡಬ್ಬಿಗೆ ವರ್ಗಾಯಿಸಬೇಡಿ. ಔಷಧ ಎಷ್ಟು ಕಾಲ ಬಾಳುತ್ತದೆ ಎಂದು ಕಂಪನಿ ಪರೀಕ್ಷಿಸಿರುವುದು ಅದೇ ಟ್ಯೂಬಿನಲ್ಲಿ, ನಿಮ್ಮ ಡಬ್ಬಿಯಲ್ಲಲ್ಲ. ಡಬ್ಬಿಗೆ ಬೆರಳು ಹಾಕಿದಾಗ ರೋಗಾಣುಗಳೂ ಸೇರುತ್ತವೆ.

ಮೂರನೆಯದು ಬಾಲದ ಸಂಗತಿ. ಅನೇಕ ಟ್ಯೂಬುಗಳಲ್ಲಿ ಅವಧಿ ಮುಗಿಯುವ ತಿಂಗಳು ಒತ್ತಿರುವುದು ಬಾಲದ ಮಡಿಕೆಯ ಮೇಲೆ. ನಾವು ಮಿತವ್ಯಯಿಗಳು, ಕೊನೆಯ ಹನಿಯೂ ದಂಡವಾಗಬಾರದೆಂದು ಬಾಲದಿಂದ ಸುರುಳಿ ಸುತ್ತುತ್ತ ಬರುತ್ತೇವೆ, ಕತ್ತರಿಯಿಂದ ಕತ್ತರಿಸುವುದೂ ಉಂಟು. ಪೇಸ್ಟಿಗಾದರೆ ಸರಿ. ಔಷಧಕ್ಕಾದರೆ ಕೊಂಡ ದಿನವೇ ಆ ತಾರೀಖನ್ನೂ, ಬಾಯಿ ತೆರೆದ ತಾರೀಖನ್ನೂ ಪೆಟ್ಟಿಗೆಯ ಮೇಲೆ ಪೆನ್ನಿನಿಂದ ಬರೆದಿಡಿ. ಅಚ್ಚಾಗಿರುವ ಅವಧಿ ತೆರೆಯದ ಟ್ಯೂಬಿಗೆ ಸಂಬಂಧಿಸಿದ್ದು. ತೆರೆದ ಕಣ್ಣಿನ ಮುಲಾಮನ್ನು ಸಾಮಾನ್ಯವಾಗಿ ನಾಲ್ಕು ವಾರಗಳಾದ ಮೇಲೆ ಬಳಸಬಾರದು. ಕೆಲವು ಸೌಂದರ್ಯ ಸಾಧನಗಳ ಮೇಲೆ ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರವಿದ್ದು, ಅದರಲ್ಲಿ 6 ಅಥವಾ 12 ಎಂಬ ಅಂಕಿ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದೆಂದು ಅದರ ಅರ್ಥ.

ನಾಲ್ಕನೆಯದಾಗಿ, ಪ್ಲಾಸ್ಟಿಕ್ ಟ್ಯೂಬು ಲೋಹದ್ದರಂತಲ್ಲ. ಹಿಸುಕಿ ಬಿಟ್ಟ ಕೂಡಲೇ ಅದು ಉಬ್ಬಿಕೊಂಡು ಹೊರಗಿನ ಗಾಳಿಯನ್ನು ಒಳಕ್ಕೆಳೆಯುತ್ತದೆ. ಎಷ್ಟು ಪದರಗಳಿದ್ದರೇನು, ಗಾಳಿ ಬಾಯಿಯಿಂದಲೇ ಒಳಹೋದರೆ? ಬೇಕಾದಷ್ಟು ತೆಗೆದ ಮೇಲೆ, ಒತ್ತಡ ಬಿಡುವ ಮೊದಲು ಬಾಯನ್ನು ಶುಭ್ರವಾದ ಬಟ್ಟೆಯಿಂದ ಒರೆಸಿ, ಮುಚ್ಚಳ ಬಿಗಿಯಾಗಿ ತಿರುಗಿಸಿ. ಮುಚ್ಚಳ ಕಳೆದುಹೋಗಿ ಬಾಯಿಗೆ ಹತ್ತಿ ತುರುಕಿಟ್ಟ ಟ್ಯೂಬುಗಳನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅಂಥದ್ದನ್ನು ಇಟ್ಟುಕೊಳ್ಳುವುದಕ್ಕಿಂತ ಬಿಡುವುದೇ ಲೇಸು.

ಕೊನೆಯದಾಗಿ, ವೈದ್ಯರು ಹೇಳಿದ ಮುಲಾಮು ಹೇಳಿದಷ್ಟು ದಿನ ಹಚ್ಚಿದರೂ ಗುಣ ಕಾಣದಿದ್ದರೆ ಬೇರೆ ಕ್ರೀಮಿಗೆ ಹಾರಬೇಡಿ, ಮುಲಾಮನ್ನು ಎರಡು ಪಟ್ಟು ಬಳಿಯಲೂ ಬೇಡಿ. ಟ್ಯೂಬನ್ನು ಪೆಟ್ಟಿಗೆ ಸಮೇತ ವೈದ್ಯರ ಬಳಿಗೆ ಒಯ್ದು ತೋರಿಸಿ. ಅದನ್ನು ಎಲ್ಲಿ ಇಟ್ಟಿದ್ದಿರಿ, ಎಂದು ತೆರೆದಿರಿ ಎಂಬುದನ್ನೂ ತಿಳಿಸಿ. ರೋಗ ಮೊಂಡೋ, ಔಷಧ ಮಂಕೋ ಎಂಬುದು ಆಗ ಗೊತ್ತಾಗುತ್ತದೆ.

ಇಂದು ಸಂಜೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಮನೆಯ ಔಷಧದ ಡಬ್ಬಿಯನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ಮಕ್ಕಳನ್ನೂ ಕರೆಯಿರಿ, ಸಣ್ಣ ಅಕ್ಷರ ಓದಲು ಅವರ ಕಣ್ಣು ನಮ್ಮದಕ್ಕಿಂತ ಚುರುಕು. ಒಂದೊಂದೇ ಟ್ಯೂಬನ್ನು ತೆಗೆದು ತಾರೀಖು ನೋಡಿ, ಹೇಗೆ ಇಡಬೇಕೆಂದು ಬರೆದಿದೆ ಓದಿ, ಅವಧಿ ಮೀರಿದ್ದನ್ನು ಬೇರೆ ಮಾಡಿ. ಉಳಿದವನ್ನು ಅವುಗಳ ಪೆಟ್ಟಿಗೆಗೆ ಸೇರಿಸಿ, ಕಪಾಟಿನ ಬಾಗಿಲು ಮುಚ್ಚಿ.