ಕ್ಯಾಂಟರ್ಬರಿಗಿಂತ ಮೊದಲು ನಂದ್ಯಾಲ

ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪೀಠಕ್ಕೆ 2025ರ ಅಕ್ಟೋಬರ್ 3ರಂದು ಸಾರಾ ಮುಲ್ಲಾಲಿಯವರ ಹೆಸರು ಪ್ರಕಟವಾಯಿತು. ಸಂತ ಆಗಸ್ಟಿನನಿಂದ ಎಣಿಸಿದರೆ ಅವರು 106ನೆಯವರು. ಹಿಂದಿನ 105 ಮಂದಿಯೂ ಪುರುಷರು. ಪತ್ರಿಕೆಗಳೆಲ್ಲ 'ಮೊದಲ ಮಹಿಳೆ' ಎಂದು ತಲೆಬರಹ ಕೊಟ್ಟದ್ದು ಸಹಜವೇ. ಆದರೆ ಆ ಪೀಠ ತೆರವಾದದ್ದೇಕೆ ಎಂಬುದು ಅದಕ್ಕಿಂತ ಭಾರವಾದ ವಿಷಯ.

ಜಾನ್ ಸ್ಮಿತ್ ಎಂಬ ಇಂಗ್ಲಿಷ್ ವಕೀಲ ಕ್ರೈಸ್ತ ಬೇಸಿಗೆ ಶಿಬಿರಗಳಲ್ಲಿ ದೊಡ್ಡ ಹೆಸರಿನವನು. ಆ ಶಿಬಿರಗಳ ಮೂಲಕ ಪರಿಚಯವಾದ ಹುಡುಗರನ್ನು ಆತ 1970–80ರ ದಶಕಗಳಲ್ಲಿ ಬೆತ್ತದಿಂದ ಕ್ರೂರವಾಗಿ ಥಳಿಸಿದ. ಪಾಪಕ್ಕೆ ಪ್ರಾಯಶ್ಚಿತ್ತವೆಂದು ಅದಕ್ಕೆ ಧರ್ಮದ ಬಣ್ಣವನ್ನೂ ಬಳಿದ. ಮುಂದೆ ಜಿಂಬಾಬ್ವೆಗೆ, ಅಲ್ಲಿಂದ ದಕ್ಷಿಣ ಆಫ್ರಿಕಕ್ಕೆ ಹೋದ. ಯಾವ ಶಿಕ್ಷೆಯೂ ಆಗದೆಯೇ 2018ರಲ್ಲಿ ಸತ್ತ. ಅವನಿಂದ ನೊಂದವರು ನೂರಕ್ಕೂ ಹೆಚ್ಚು ಮಂದಿ. 2024ರ ನವೆಂಬರಿನಲ್ಲಿ ಹೊರಬಂದ ಮೇಕಿನ್ ವರದಿ, ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರಿಗೆ 2013ರಲ್ಲೇ ವಿಷಯ ತಿಳಿದಿತ್ತು, ಅವರು ಪೊಲೀಸರಿಗೆ ತಿಳಿಸಬಹುದಿತ್ತು, ತಿಳಿಸಬೇಕಿತ್ತು ಎಂದಿತು. ಅದೇ ತಿಂಗಳ 12ರಂದು ವೆಲ್ಬಿ ರಾಜೀನಾಮೆ ಘೋಷಿಸಿದರು. ಅನಂತರದ ವಾರಗಳಲ್ಲಿ ಹಲವು ಬಿಷಪರು ತಮ್ಮ ತಮ್ಮ ಡಯಾಸಿಸಿನ ಸಭೆಗಳಿಗೆ ಪತ್ರ ಬರೆದರು. ಹಬ್ಬ, ನೇಮಕ, ಕಟ್ಟಡದ ದುರಸ್ತಿ ಇವುಗಳ ಸುದ್ದಿ ಹೊತ್ತುಬರುವ ಬಿಷಪರ ಪತ್ರಕ್ಕೆ ಇಂಥ ಹೊರೆ ಅಪರೂಪ.

ಪೋಪರಿಗಿರುವ ಅಧಿಕಾರ ಕ್ಯಾಂಟರ್ಬರಿಯ ಆರ್ಚ್‌ಬಿಷಪರಿಗಿಲ್ಲ. ಆಂಗ್ಲಿಕನ್ ಸಮುದಾಯದ 42 ಪ್ರಾಂತ್ಯಗಳೂ ಸ್ವತಂತ್ರ. ಒಂದರ ಆಡಳಿತದಲ್ಲಿ ಇನ್ನೊಂದು ಕೈಹಾಕುವಂತಿಲ್ಲ. ಆರ್ಚ್‌ಬಿಷಪರು ಕರೆಯಬಹುದು, ಕೂಡಿಸಬಹುದು, ತಿಳಿಹೇಳಬಹುದು; ಅಪ್ಪಣೆ ಕೊಡುವಂತಿಲ್ಲ. ಹೀಗಿರುವಾಗ ಜನರ ವಿಶ್ವಾಸವೊಂದೇ ಆ ಪೀಠದ ಬಂಡವಾಳ. ವೆಲ್ಬಿಯವರ ಕಾಲದಲ್ಲಿ ಕರಗಿದ್ದು ಅದೇ.

ಮುಲ್ಲಾಲಿಯವರು ಮೊದಲು ದಾದಿಯಾಗಿದ್ದವರು. 1999ರಲ್ಲಿ, ಮೂವತ್ತೇಳರ ವಯಸ್ಸಿಗೇ, ಇಂಗ್ಲೆಂಡಿನ ಸರಕಾರದ ಮುಖ್ಯ ಶುಶ್ರೂಷಾಧಿಕಾರಿಯಾದರು. ಆ ದೊಡ್ಡ ಹುದ್ದೆ ಬಿಟ್ಟು ಪೂರ್ಣಾವಧಿಯ ಪಾದ್ರಿಯಾದರು. 2018ರಲ್ಲಿ ಲಂಡನ್ನಿನ ಬಿಷಪರಾದರು. ಆದರೂ ಆಯ್ಕೆಯ ದಿನವೇ ಗಾಫ್ಕಾನ್ ಎಂಬ ಸಂಪ್ರದಾಯನಿಷ್ಠ ಒಕ್ಕೂಟ ಅಸಮ್ಮತಿ ಸೂಚಿಸಿತು. ಬಿಷಪರು ಪುರುಷರೇ ಆಗಿರಬೇಕೆಂಬುದು ಅದರೊಳಗಿನ ಅನೇಕರ ನಂಬಿಕೆ. ಸಲಿಂಗ ಜೋಡಿಗಳಿಗೆ ಆಶೀರ್ವಾದ ನೀಡುವುದನ್ನು ಮುಲ್ಲಾಲಿಯವರು ಬೆಂಬಲಿಸಿದ್ದು ಇನ್ನೊಂದು ಮುನಿಸು. ಎರಡೇ ವಾರಗಳಲ್ಲಿ ಅದರ ಅಧ್ಯಕ್ಷರು, ರುವಾಂಡದ ಆರ್ಚ್‌ಬಿಷಪ್ ಲಾರೆಂಟ್ ಎಂಬಾಂಡ, ಕ್ಯಾಂಟರ್ಬರಿಯನ್ನು ಕೇಂದ್ರವಾಗಿ ಒಪ್ಪುವುದಿಲ್ಲವೆಂದು ಸಾರಿದರು. ಆಫ್ರಿಕದ ಸಭೆಗಳ ಮಾತನ್ನು ಹಳೆಯ ಕಾಲದವರ ಹಟವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಇಂದು ಆಂಗ್ಲಿಕನ್ ಸಭೆಯ ಪೀಠಗಳು ನಿಜವಾಗಿ ತುಂಬುತ್ತಿರುವುದು ಅಲ್ಲಿಯೇ.

ಸ್ತ್ರೀ ಬಿಷಪರ ಪ್ರಶ್ನೆಯಲ್ಲಿ ಮಾತ್ರ ಲಂಡನ್ನಿಗಿಂತ ನಮ್ಮ ನೆರೆಯೇ ಮುಂದಿತ್ತು. ಆದವಾನಿ ಸೀಮೆಯ ಓದುಗರಿಗೆ ನಂದ್ಯಾಲ ದೂರದ ಊರಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರೂ ಮೆಥಡಿಸ್ಟರೂ ಇತರರೂ ಕೂಡಿ ದಕ್ಷಿಣ ಭಾರತ ಸಭೆಯನ್ನು ಕಟ್ಟಿದಾಗ ನಂದ್ಯಾಲದ ಬಹಳಷ್ಟು ಆಂಗ್ಲಿಕನ್ನರು ಹೊರಗೇ ಉಳಿದರು. ಬಿಷಪರ ಹಸ್ತದಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನು ಹೇಗೆ ಒಪ್ಪುವುದೆಂಬುದು ಅವರ ಶಂಕೆ. ಅವರು ಒಳಬಂದದ್ದು 1975ರಲ್ಲಿ. ಕಟ್ಟುನಿಟ್ಟಿಗೆ ಹೆಸರಾದ ಅದೇ ನಂದ್ಯಾಲದಲ್ಲಿ 2013ರ ಸೆಪ್ಟೆಂಬರಿನಲ್ಲಿ ಎಗ್ಗೋನಿ ಪುಷ್ಪಲಲಿತಾ ಬಿಷಪರಾದರು. ದಕ್ಷಿಣ ಭಾರತ ಸಭೆಯ ಮೊದಲ ಸ್ತ್ರೀ ಬಿಷಪ್ ಅವರೇ. ಇಂಗ್ಲೆಂಡಿನ ಸಭೆ ತನ್ನ ಮೊದಲ ಸ್ತ್ರೀ ಬಿಷಪರಿಗೆ ಅಭಿಷೇಕ ಮಾಡಿದ್ದು 2015ರ ಜನವರಿಯಲ್ಲಿ. ಬಿಳಿಯ ಮಿಷನರಿಗಳು ತಂದ ಧರ್ಮಸಭೆ ಇಲ್ಲಿನ ಮಣ್ಣಿನಲ್ಲಿ ತಾಯ್ನೆಲವನ್ನು ಹಿಂದಿಕ್ಕಿದ ಈ ಸಂಗತಿ, ಅಕ್ಟೋಬರಿನ ತಲೆಬರಹಗಳಲ್ಲಿ ಎಲ್ಲೂ ಕಾಣಲಿಲ್ಲ.

ಮುಲ್ಲಾಲಿಯವರಿಗೆ ಕಾಲಾವಕಾಶ ಹೆಚ್ಚಿಲ್ಲ. ಹುಟ್ಟಿದ್ದು 1962ರಲ್ಲಿ, ಬಿಷಪರ ನಿವೃತ್ತಿಯ ವಯಸ್ಸು 70. ಮಕ್ಕಳ ಮತ್ತು ದುರ್ಬಲರ ರಕ್ಷಣೆಯ ಕೆಲಸವನ್ನು ಪೂರ್ಣವಾಗಿ ಸ್ವತಂತ್ರ ಸಂಸ್ಥೆಯೊಂದಕ್ಕೆ ವಹಿಸಬೇಕೆಂದು ನೊಂದವರಲ್ಲಿ ಅನೇಕರು ಕೇಳಿದ್ದರು. ಇಂಗ್ಲೆಂಡಿನ ಸಭೆಯ ಮಹಾಸಭೆ 2025ರ ಫೆಬ್ರವರಿಯಲ್ಲಿ ಸೇರಿದಾಗ ಅಷ್ಟು ದೂರ ಹೋಗಲು ಒಪ್ಪದೆ, ಅರ್ಧದಾರಿಯ ಏರ್ಪಾಡೊಂದನ್ನು ಆರಿಸಿಕೊಂಡಿತು. ಉಳಿದ ಅರ್ಧದಾರಿ ಇನ್ನು ಅವರ ಪಾಲಿಗೆ ಬಂದಿದೆ.