ಡಿಪ್ಲೊಮಾ ಅಂದ್ರ ಮಾರಿ ಯಾಕ ಸಣ್ಣ ಮಾಡ್ತೀರಿ?

ಮನ್ನೆ ನಮ್ಮ ಓಣ್ಯಾಗ ಒಂದು ಕುಬಸ ಇತ್ತು. ನನ್ನ ತಂಗಿ, ಅಕಿ ಮಗಳು ಇಬ್ಬರೂ ಬಂದಿದ್ರು. ಹುಡುಗಿ ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗ್ಯಾಳ, ನೂರಕ್ಕ 81. ಊಟಕ್ಕ ಕೂತಾಗ ಯಾರೋ "ಮುಂದೇನವಾ?" ಅಂತ ಕೇಳಿದ್ರು. "ಸರ್ಕಾರಿ ಪಾಲಿಟೆಕ್ನಿಕ್‌ನಾಗ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡ್ಬೇಕಂತ ಮಾಡೀನಿ" ಅಂದ್ಲು. ಪಂಕ್ತ್ಯಾಗ ಒಂದು ಗಳಿಗಿ ಯಾರೂ ಮಾತಾಡ್ಲಿಲ್ಲ. ಆಮ್ಯಾಲೆ ಒಬ್ಬಾಕಿ, "ಅಯ್ಯ, ಇಷ್ಟು ಮಾರ್ಕ್ಸ್ ತಗೊಂಡು ಡಿಪ್ಲೊಮಾ ಯಾಕ? ಮನ್ಯಾಗ ಏನರ ಅಡಚಣಿ ಅದಯೇನು?" ಅಂದ್ಲು. ಹುಡುಗಿ ಕೈಯಾಗಿನ ಹೋಳಿಗಿ ಎಲಿ ಮ್ಯಾಲೆ ಇಟ್ಟಾಕಿ ಮತ್ತ ಮುಟ್ಟಲೇ ಇಲ್ಲ. ಅವತ್ತ ರಾತ್ರಿ ತಂಗಿ ಫೋನ್ ಮಾಡಿ, "ಅಕ್ಕಾ, ಅವ್ವ ಕೊಟ್ಟ ಪಾಟ್ಲಿ ಒತ್ತಿ ಇಟ್ಟರೂ ಸೈ, ಸೈನ್ಸ್ ಕಾಲೇಜಿಗೇ ಹಾಕ್ತೀನಿ. ಮಂದಿ ಏನಂದಾರು" ಅಂದ್ಲು.

ಹಂಗ ಅಂದಾಕಿ ಯಾರು ಅಂತ ನಾ ಬರಿಯಂಗಿಲ್ಲ. ಓದಿದ ಕೂಡ್ಲೆ ಅಕಿಗೆ ಗೊತ್ತಾಗ್ತದ, ಆಗ್ಲಿ. ಅಕಿ ಒಬ್ಬಾಕಿನ್ನ ಬೈದು ಏನೂ ಉಪಯೋಗಿಲ್ಲ. ಹತ್ತು ವರ್ಷದ ಹಿಂದ ನಾನೂ ಹಿಂಗ ಅಂತಿದ್ದೆ, ನಾನೂ ಅದೇ ಪಂಕ್ತಿಯಾಗಿನಾಕಿ.

ನನ್ನ ಮಗನ ಲೆಕ್ಕಾ ಇವತ್ತ ಬಿಚ್ಚಿ ಹೇಳಿಬಿಡ್ತೀನಿ. ಮನ್ಯಾಗ ಬೈದರೂ ಚಿಂತಿಲ್ಲ. ಅಂವಗ ಎಸ್ಸೆಸ್ಸೆಲ್ಸ್ಯಾಗ ಸುಮಾರು ಮಾರ್ಕ್ಸ್ ಬಂದಿದ್ವು. ಕೈ ಕೆಲಸದಾಗ ಮಾತ್ರ ಭಾಳ ಚುರುಕ. ಮಿಕ್ಸರ್ ಕೆಟ್ರ ಅಂವನ ಬಿಚ್ಚಿ ಕೂಡ್ಸಾಂವ. ಡಿಪ್ಲೊಮಾ ಮಾಡ್ತೀನಿ ಅಂದಾಗ ನಾನ ಅಡ್ಡ ನಿಂತು, ಕೋಚಿಂಗ್ ಕೂಡೇ ಇರೋ ದೊಡ್ಡ ಪಿಯು ಕಾಲೇಜಿಗೆ ಹಾಕಿಸಿದೆ. ಹಾಸ್ಟೆಲ್ ಸೇರಿ ವರ್ಷಕ್ಕ 1,60,000. ಎರಡು ವರ್ಷಕ್ಕ 3,20,000 ಹೋತು. ಸಿಇಟಿ ರ‍್ಯಾಂಕ್ ಎಲ್ಲೋ ಮೂಲ್ಯಾಗ ಬಂತು. ಮ್ಯಾನೇಜ್‌ಮೆಂಟ್ ಸೀಟು, ಮೆಕ್ಯಾನಿಕಲ್, ಊಟ ವಸತಿ ಎಲ್ಲಾ ಹಿಡದು ವರ್ಷಕ್ಕ 2,75,000. ನಾಲ್ಕು ವರ್ಷಕ್ಕ 11 ಲಕ್ಷ. ಒಟ್ಟು 14,20,000 ರೂಪಾಯಿ. ಬ್ಯಾಂಕಿನವರು ಏಳೂವರಿ ಲಕ್ಷದ ತನಕ ಜಾಮೀನಿಲ್ಲದ ಕೊಡ್ತೀವಿ ಅಂದ್ರು, ನಾವು 7 ತಗೊಂಡ್ವಿ. ಉಳಿದದ್ದಕ್ಕ ಸೈಟು ಮಾರಿದ್ವಿ.

ಕಾಲೇಜಿನ ಕಟ್ಟಡ ಅಂತೂ ಅರಮನಿ ಇದ್ದಂಗಿತ್ತು. ಲೇಥ್ ಮಷಿನ್ ಮುಂದ ಇಪ್ಪತ್ತು ಹುಡುಗರು ನಿಂತು ಒಬ್ಬಾಂವ ತಿರುವೂದನ್ನ ನೋಡ್ತಿದ್ರಂತ. ಅಂವಗ ಮೊದಲ ನೌಕರಿ ಸಿಕ್ಕದ್ದು ಬೆಂಗಳೂರಾಗ, ಫೋನಿನ್ಯಾಗ ಗಿರಾಕಿಗಳ ತಕರಾರು ಕೇಳೂದು. ಪಗಾರ 18,000. ಕಂತು ಶುರುವಾಗೂದ್ರಾಗ ಬಡ್ಡಿ ಸೇರಿ ಸಾಲ 9 ಲಕ್ಷ ದಾಟಿತ್ತು, ತಿಂಗಳ ಕಂತು 12,000. ಪಿ.ಜಿ. ರೂಮಿಗೆ 8,000. ಹದಿನೆಂಟರಾಗ ಇಪ್ಪತ್ತು ಕಳೀರಿ ನೋಡೂಣು! ಮಗ ದುಡೀಲಿಕ್ಕೆ ಹತ್ತ್ಯಾನ ಅಂತ ಎಲ್ಲಾರಿಗೂ ಪೇಢೆ ಹಂಚಿದೆ, ಅದೇ ತಿಂಗಳದಿಂದ ಅವರಪ್ಪನ ಪೆನ್ಶನ್‌ನಾಗಿಂದ ಅಂವಗ ರೊಕ್ಕ ಕಳಸೂದು ಶುರುವಾತು.

ಈಗ ನನ್ನ ಮೈದುನನ ಮಗಳ ವಿಷಯ ಕೇಳ್ರಿ. ಅದೇ ಎಲೆಕ್ಟ್ರಿಕಲ್ ಡಿಪ್ಲೊಮಾ, ಸರ್ಕಾರಿ ಪಾಲಿಟೆಕ್ನಿಕ್. ಫೀ ವರ್ಷಕ್ಕ 5,000ದ ಒಳಗ ಆತು, ಬಸ್ ಪಾಸ್ ಬ್ಯಾರೆ. ಎಲ್ಲಾ ಸುಖಾನೇ ಇತ್ತು ಅಂತ ನಾ ಸುಳ್ಳು ಹೇಳಂಗಿಲ್ಲ. ಕನ್ನಡ ಮೀಡಿಯಮ್ ಹುಡುಗಿ, ಮೊದಲ ಸೆಮಿಸ್ಟರ್‌ನಾಗ ಮ್ಯಾಥ್ಸ್ ಹೋತು, ಮೂರು ದಿನಾ ಬಾಗಲಾ ಹಾಕ್ಕೊಂಡು ಅತ್ಲು. ಒಂದು ವರ್ಷ ಒಂದು ವಿಷಯಕ್ಕ ಖಾಯಂ ಮಾಸ್ತರೂ ಇರಲಿಲ್ಲ. ಮುಗಿಸಿದ ಮ್ಯಾಲೆ ಒಂದು ವರ್ಷ ಅಪ್ರೆಂಟಿಸ್, ಅದರಾಗ ಸಿಗೂ ಸ್ಟೈಪೆಂಡ್ ಚಹಾಪುಡಿ ಖರ್ಚಿನಂಥಾದ್ದು. ಆದ್ರ ಅಕಿ ತಲಿ ಮ್ಯಾಲೆ ಒಂದು ರೂಪಾಯಿ ಸಾಲಿರಲಿಲ್ಲ. ಆಮ್ಯಾಲೆ ಡಿಸಿಇಟಿ ಬರದು ಬಿ.ಇ. ಎರಡನೇ ವರ್ಷಕ್ಕ ಸೀದಾ ಸೇರಿದ್ಲು.

ಅದ ನೋಡ್ರಿ, ನಮ್ಮ ಹೆಣ್ಣುಮಕ್ಕಳಿಗೆ ಭಾಳ ಮಂದಿಗೆ ಇದು ಗೊತ್ತೇ ಇಲ್ಲ. ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ, ಎರಡನೇ ವರ್ಷಕ್ಕ ಸೇರಿದ್ರ ಬಿ.ಇ. ಮೂರು ವರ್ಷ, ಅದೂ ಆರೇ. ಒಂದು ದಿನಾನೂ ಹೆಚ್ಚು ಹೋಗಂಗಿಲ್ಲ. ಮ್ಯಾಲೆ, ನಡುವ ಹತ್ತೊಂಬತ್ತರ ವಯಸ್ಸಿಗೆ ಕೈಯಾಗ ಒಂದು ಸರ್ಟಿಫಿಕೇಟ್ ಇರ್ತದ. ಅಪ್ಪಗ ಏನರ ಆತು, ಮಳಿ ಹೋತು, ಓದು ನಿಂತ್ರೂ ಅದು ಕೆಲಸಕ್ಕ ಬರ್ತದ. ಪಿಯುಸಿ ಸೈನ್ಸ್ ಮುಗಿಸಿ ನಿಂತ್ರ ಏನದ? ಪಿಯುಸಿ ಮಾಡಿದಾಕಿ ನಾ ಹೇಳ್ತೀನಿ, ನಂದು ಟ್ರಂಕಿನ್ಯಾಗ ಇನ್ನೂ ಭದ್ರ ಅದ.

"ಡಿಪ್ಲೊಮಾಕ್ಕ ಸರ್ಕಾರಿ ನೌಕರಿ ಎಲ್ಲಿ?" ಅಂತೀರಿ. ರೈಲ್ವೇದಾಗ ಜೂನಿಯರ್ ಇಂಜಿನಿಯರ್ ಹುದ್ದೆಗೆ ಕೇಳೂದು ಡಿಪ್ಲೊಮಾನ. ಹೆಸ್ಕಾಂನ ಜೂನಿಯರ್ ಇಂಜಿನಿಯರ್‌ಗೂ ಅದೇ. ಸಿಕ್ಕೇ ಸಿಗ್ತದ ಅಂತ ನಾ ಅನ್ನಂಗಿಲ್ಲ, ಆದ್ರ ಬಾಗಲಾ ಅಂತೂ ಅದ. ಹಂಗ ನೋಡಿದ್ರ ಸರ್ಕಾರಕ್ಕೂ ನಮ್ಮ ಪಂಕ್ತಿಯವರದೇ ಬುದ್ಧಿ. 2024ರ ಜನವರಿಯೊಳಗ ಕೊಡಲಿಕ್ಕೆ ಶುರು ಮಾಡಿದ ಯುವನಿಧಿ ನೋಡ್ರಿ, ನೌಕರಿ ಇಲ್ಲದ ಪದವೀಧರಗ ತಿಂಗಳಿಗೆ 3,000, ಡಿಪ್ಲೊಮಾದವಗ 1,500. ಖಾಲಿ ಕೂಡೂದ್ರಾಗೂ ಅರ್ಧ ಮರ್ಯಾದಿ!

ಎಲ್ಲಾ ಇಂಜಿನಿಯರಿಂಗ್ ಕಾಲೇಜಿನ್ಯಾಗ ಸಪ್ಟೆಂಬರ್ 15ಕ್ಕ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಕ್ಕ ಹಾರ ಹಾಕ್ತಾರ. ಅದೇ ವಿಶ್ವೇಶ್ವರಯ್ಯನವರು 1943ರಾಗ, ವಯಸ್ಸು ಎಂಬತ್ತು ದಾಟಿದಾಗ, ಮುಂದ ನಿಂತು ಬೆಂಗಳೂರಾಗ ಕೈ ಕಸುಬು ಕಲಿಸೂ ಸಂಸ್ಥಾ ಹುಟ್ಟುಹಾಕಿದ್ರು. ಈಗ ಅದು ಎಸ್.ಜೆ. ಪಾಲಿಟೆಕ್ನಿಕ್. ಅಂಥಾವ್ರಿಗೆ ಕೀಳು ಅನಸದ್ದು ನಮಗ ಅನಸ್ತದಂದ್ರ ಏನನಬೇಕ್ರಿ?

ಉಳಿದದ್ದು ಮದುವಿ ಮಾತು. "ಹುಡುಗಿ ಏನು ಓದ್ಯಾಳ ಅಂದ್ರ ಡಿಪ್ಲೊಮಾ ಅಂತ ಹೆಂಗ ಹೇಳೂದು?" ಕೇಳಾಕಿ ಯಾರು, ಹೇಳಾಕಿ ಯಾರು? ಎರಡೂ ನಾವ ಅಲ್ಲೇನು! ನಾವು ಬಾಯಿ ಮುಚಗೊಂಡ್ರ ಅರ್ಧ ಅವಮಾನ ಅಲ್ಲೇ ತೀರ್ತದ. ಡಾಕ್ಟರ್ ಆಗಬೇಕಂತ ಮನಸ್ಸಿದ್ದ ಹುಡುಗರಿಗೆ, ಗಣಿತ ಅಂದ್ರ ಜೀವಾ ಬಿಡೂ ಹುಡುಗರಿಗೆ ಪಿಯುಸಿನೇ ದಾರಿ, ಅದಕ್ಕ ನಂದೇನೂ ತಕರಾರಿಲ್ಲ. ತಾನ ಬಾಯಿಬಿಟ್ಟು "ನನಗ ಇದು ಬೇಕು" ಅಂದ ಹುಡುಗೀನ್ನ ಹೋಳಿಗಿ ಮುಂದ ಅಳಸೂದಕ್ಕ ನಂದು ತಕರಾರು.

ಇನ್ನ ಡಿಪ್ಲೊಮಾ ಅಂದ ಕೂಡ್ಲೆ ಕಣ್ಣು ಮುಚ್ಚಿ ಎಲ್ಲೆರ ಸೇರಸೂದಲ್ಲ, ಮತ್ತ. ಖಾಸಗಿ ಪಾಲಿಟೆಕ್ನಿಕ್‌ಗಳಾಗ ಬೋರ್ಡ್ ದೊಡ್ಡದಿದ್ದು ಲ್ಯಾಬಿಗೆ ಕೀಲಿ ಹಾಕಿದ್ದನ್ನ ಕಣ್ಣಾರೆ ನೋಡೀನಿ. ಹೋಗ್ರಿ, ಮಷಿನ್ ತಿರಗ್ತದೋ ಇಲ್ಲೋ ನೋಡ್ರಿ, ಎರಡನೇ ವರ್ಷದ ಹುಡುಗೀರನ್ನ ಕೇಳ್ರಿ, ಮಾಸ್ತರು ಎಷ್ಟು ಮಂದಿ ಅಂತ ಎಣಿಸ್ರಿ. ಬಾಳೆಹಣ್ಣು ತಗೋವಾಗ ಹತ್ತು ಗಾಡಿ ತಿರಗತೀವಿ, ಕಾಲೇಜಿಗೆ ಮಾತ್ರ ಕಟ್ಟಡಾ ನೋಡಿ ಬರ್ತೀವಿ.

ಇದೇ ಗುರುವಾರ ತಂಗಿ ಮತ್ತ ಹುಡುಗಿ ಬರ್ತಾರ. ಮೂವರೂ ಕೂಡಿ ಹತ್ತರ ಬಸ್ಸಿಗೆ ಹೋಗಿ ಪಾಲಿಟೆಕ್ನಿಕ್ ನೋಡಿ ಬರೂದು ಅಂತ ಮಾಡೀವಿ. ಮಾರ್ಕ್ಸ್ ಕಾರ್ಡು, ಜಾತಿ ಆದಾಯ ಸರ್ಟಿಫಿಕೇಟು ತಗೊಂಡು ಬಾ, ಪಾಟ್ಲಿ ಮಾತ್ರ ಮನ್ಯಾಗ ಬಿಟ್ಟು ಬಾ ಅಂತ ಹೇಳೀನಿ.