ಅಪ್ಪ ಒತ್ತುತ್ತಿದ್ದ ಬೆಂಕಿ ಬಟನ್

ಕಳೆದ ತಿಂಗಳು ಒಂದು ಬುಧವಾರ, ಬೆಳಿಗ್ಗೆ ಹತ್ತೂವರೆ. ಆಫೀಸಿನ ಮೀಟಿಂಗ್ ನಡುವೆ ಶಿವಮೊಗ್ಗದಿಂದ ಅಮ್ಮನ ಫೋನ್. ಆ ಹೊತ್ತಲ್ಲಿ ಅಮ್ಮ ಯಾವತ್ತೂ ಫೋನ್ ಮಾಡೋದಿಲ್ಲ. ಎದ್ದು ಹೊರಗೆ ಬಂದೆ.

"ಇಲ್ಲಿ ಆಸ್ಪತ್ರೆ ಕೌಂಟರಲ್ಲಿ ನಿಮ್ಮಪ್ಪನ ಇನ್ಶೂರೆನ್ಸ್ ಮುಗಿದುಹೋಗಿದೆ ಅಂತಿದ್ದಾರೆ ಕಣೇ. ಇವರು ನೋಡಿದ್ರೆ ನಂಗೊಂದು ಮೇಲೂ ಬಂದಿಲ್ಲ ಅಂತ ವಾದ ಮಾಡ್ತಾ ನಿಂತಿದ್ದಾರೆ."

ಅಪ್ಪನಿಗೆ ಕಣ್ಣಿನ ಪೊರೆ. ಮರುದಿನ ಆಪರೇಷನ್ ಅಂತ ನಿಗದಿಯಾಗಿತ್ತು. ನಾನು ಲ್ಯಾಪ್‌ಟಾಪ್‌ನಲ್ಲಿ ಪಾಲಿಸಿ ನಂಬರ್ ಹಾಕಿ ನೋಡಿದರೆ ಹೌದು, ಅವಧಿ ಮುಗಿದು 19 ದಿನ ಆಗಿತ್ತು. ವರ್ಷಕ್ಕೊಮ್ಮೆ ಪ್ರೀಮಿಯಂ ಕಟ್ಟುವ ಆರೋಗ್ಯ ವಿಮೆಗೆ 30 ದಿನದ ಗ್ರೇಸ್ ಪೀರಿಯಡ್ ಇರುತ್ತೆ. ಅಷ್ಟರೊಳಗೆ ಕಟ್ಟಿದರೆ ಪಾಲಿಸಿ ಮುಂದುವರಿಯುತ್ತೆ, ಆದರೆ ನಡುವಿನ ಆ ದಿನಗಳಿಗೆ ರಕ್ಷಣೆ ಸಿಗೋದಿಲ್ಲ. 30 ದಾಟಿದ್ದರೆ ಕಥೆಯೇ ಬೇರೆ. ಅಪ್ಪನ ಪಾಲಿಸಿಯಲ್ಲಿ ಕಣ್ಣಿನ ಪೊರೆಗೆ ಎರಡು ವರ್ಷ ಕಾಯಬೇಕು ಅಂತ ಷರತ್ತಿತ್ತು. ಕಾದು ಮುಗಿಸಿದ್ದ ಆ ಎರಡು ವರ್ಷ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಅಲ್ಲೇ ಕಾರಿಡಾರ್‌ನಲ್ಲಿ ನಿಂತು ದುಡ್ಡು ಕಟ್ಟಿದೆ. ಆಪರೇಷನ್ ಮುಂದೆ ಹೋಯಿತು.

ಶುಕ್ರವಾರ ರಾತ್ರಿ ಬಸ್ಸು ಹತ್ತಿ ಊರಿಗೆ ಹೋದೆ, ಆ ಮೇಲ್ ಎಲ್ಲಿ ಹೋಯ್ತು ಅಂತ ಹುಡುಕೋಕೆ. ಎಸ್ಸೆಮ್ಮೆಸ್ ಯಾಕೆ ಬರಲಿಲ್ಲ ಅನ್ನೋದು ಸುಲಭವಾಗಿ ಗೊತ್ತಾಯಿತು. ಅದು ಅಪ್ಪ ಬಿಟ್ಟುಬಿಟ್ಟ ಹಳೇ ನಂಬರಿಗೆ ಹೋಗುತ್ತಿತ್ತು.

ನಾವೆಲ್ಲ ಫೋನಲ್ಲೇ ಮೇಲ್ ನೋಡುವವರು. ಅಪ್ಪ ಹಾಗಲ್ಲ. ಬ್ಯಾಂಕಿನಿಂದ ರಿಟೈರ್ ಆದವರು, ಬೆಳಿಗ್ಗೆ ಕಾಫಿ ಆದಮೇಲೆ ಕುರ್ಚಿ ಎಳೆದುಕೊಂಡು ಡೆಸ್ಕ್‌ಟಾಪ್ ಮುಂದೆ ಕೂತು, 'ಟಪಾಲು' ನೋಡಿದರೇನೇ ಅವರಿಗೆ ಮೇಲ್ ನೋಡಿದ ಹಾಗೆ. ಅವರಿಗೆ ಥಂಡರ್‌ಬರ್ಡ್ ಹಾಕಿಕೊಟ್ಟವಳು ನಾನೇ. ಒಳ್ಳೆಯ ತಂತ್ರಾಂಶ, ಉಚಿತ, 2004ರಲ್ಲಿ ಮೊದಲ ಆವೃತ್ತಿ ಬಂದಾಗಿನಿಂದ ಜನ ಬಳಸುತ್ತಿದ್ದಾರೆ. ಹಾಕಿಕೊಟ್ಟೆ, ಅಕೌಂಟ್ ಸೇರಿಸಿದೆ, ಬೆಂಗಳೂರಿಗೆ ಬಂದುಬಿಟ್ಟೆ. ಹೇಗೆ ಬಳಸಬೇಕು ಅಂತ ಕೂತು ಹೇಳಿಕೊಡಲಿಲ್ಲ.

ಮೊದಲು ಬ್ರೌಸರ್‌ನಲ್ಲಿ ಲಾಗಿನ್ ಆಗಿ ಸರ್ವರ್ ಕಡೆಯ ಸ್ಪ್ಯಾಮ್ ಫೋಲ್ಡರ್ ನೋಡಿದೆ. ಇದನ್ನು ಬಹಳ ಜನ ಮರೆಯುತ್ತಾರೆ. ನಿಮ್ಮ ಮೇಲ್‌ಗೆ ಎರಡು ಬಾಗಿಲು ಇರುತ್ತೆ. ಮೇಲ್ ಸೇವೆ ಕೊಡುವವರದ್ದೊಂದು, ನಿಮ್ಮ ಕಂಪ್ಯೂಟರಿನ ತಂತ್ರಾಂಶದ್ದು ಇನ್ನೊಂದು. ಒಂದು ತಡೆದದ್ದು ಇನ್ನೊಂದಕ್ಕೆ ಗೊತ್ತಿರಬೇಕು ಅಂತೇನಿಲ್ಲ. ಅಕೌಂಟನ್ನು ಪಾಪ್ ವಿಧಾನದಲ್ಲಿ ಸೇರಿಸಿದ್ದರಂತೂ ಇನ್‌ಬಾಕ್ಸ್ ಮಾತ್ರ ಇಳಿದು ಬರುತ್ತೆ. ಸರ್ವರಿನ ಸ್ಪ್ಯಾಮ್ ಫೋಲ್ಡರ್ ಅಂತ ಒಂದಿದೆ ಅನ್ನೋದೇ ಕಣ್ಣಿಗೆ ಬೀಳೋದಿಲ್ಲ. ಅಲ್ಲಿ ನಮಗೆ ಬೇಕಾದ ಮೇಲ್ ಇರಲಿಲ್ಲ.

ಆಮೇಲೆ ಥಂಡರ್‌ಬರ್ಡ್‌ನ ಜಂಕ್ ಫೋಲ್ಡರ್ ತೆಗೆದೆ. ಅಬ್ಬಾ! ಸಾವಿರಾರು ಮೇಲ್. ಲಾಟರಿ ಗೆದ್ದಿದ್ದೀರಿ, ಕೆವೈಸಿ ಅಪ್‌ಡೇಟ್ ಮಾಡದಿದ್ದರೆ ಅಕೌಂಟ್ ಬ್ಲಾಕ್, ಅದೆಲ್ಲ ಸರಿ. ಅವುಗಳ ಮಧ್ಯೆ ಅಪ್ಪನ ಮ್ಯೂಚುವಲ್ ಫಂಡ್ ಸ್ಟೇಟ್‌ಮೆಂಟುಗಳು. ನಿವೃತ್ತ ನೌಕರರ ಸಂಘದ ಸರ್ಕ್ಯುಲರ್. ಅಮ್ಮ ಸೀರೆ ತರಿಸಿದ್ದ ಅಂಗಡಿಯ ಆಫರುಗಳು. ಅಜ್ಜಿಯ ತಿಥಿಯ ಫೋಟೋ ಅಂತ ನಾನು ಕಳಿಸಿದ್ದ ಮೇಲ್ ಒಂದು. ಹಾಗೇ, ವಿಮೆ ನವೀಕರಿಸಿ ಅಂತ ನೆನಪಿಸಿದ ನಾಲ್ಕು ಮೇಲ್, ಸಾಲಾಗಿ.

"ಅಪ್ಪಾ, ಇದೆಲ್ಲ ಇಲ್ಲಿಗೆ ಹೇಗೆ ಬಂತು?"

"ಬೇಡದ್ದನ್ನ ನಾನೇ ಸುಟ್ಟುಹಾಕ್ತೀನಲ್ಲ. ಆ ಬೆಂಕಿ ಚಿತ್ರ ಇದೆ ನೋಡು."

ಥಂಡರ್‌ಬರ್ಡ್‌ನಲ್ಲಿ ಜಂಕ್‌ಗೆ ಇರುವ ಗುರುತು ಒಂದು ಪುಟ್ಟ ಜ್ವಾಲೆ. ಅಪ್ಪನ ಲೆಕ್ಕದಲ್ಲಿ ಅದು ಡಿಲೀಟ್ ಬಟನ್. ಓದಿ ಮುಗಿದ ಸ್ಟೇಟ್‌ಮೆಂಟ್, ಬೆಂಕಿ. ಸಂಘದ ಹಳೇ ಸರ್ಕ್ಯುಲರ್, ಬೆಂಕಿ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಹಳೇ ವೋಚರ್ ವಿಲೇವಾರಿ ಮಾಡಿದ ಕೈ ಅದು, ಶಿಸ್ತಾಗಿ ಕೆಲಸ ಮಾಡಿದೆ.

ತೊಂದರೆ ಏನು ಅಂದರೆ, ಆ ಬಟನ್ ಡಿಲೀಟ್ ಮಾಡೋದಲ್ಲ, ಪಾಠ ಹೇಳೋದು. 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಅನ್ನೋ ಪ್ರೋಗ್ರಾಮರ್ ಒಂದು ಲೇಖನ ಬರೆದರು. ಕಸದ ಮೇಲ್ ಹಿಡಿಯೋಕೆ ನಿಯಮಗಳ ಪಟ್ಟಿ ಮಾಡುತ್ತಾ ಕೂರಬೇಡಿ, ಪದಗಳನ್ನು ಎಣಿಸಿ ಅನ್ನೋದು ಅದರ ತಿರುಳು. ಒಂದು ಪದ ನೀವು ಕಸ ಅಂದ ಮೇಲ್‌ಗಳಲ್ಲಿ ಎಷ್ಟು ಸಲ ಬಂದಿದೆ, ಒಳ್ಳೆಯದು ಅಂದ ಮೇಲ್‌ಗಳಲ್ಲಿ ಎಷ್ಟು ಸಲ ಬಂದಿದೆ, ಇವೆರಡರಿಂದ ಹೊಸ ಮೇಲ್ ಕಸವಾಗಿರುವ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕಬಹುದು. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರ ಗಣಿತ ಅದಕ್ಕೆ ಆಧಾರ. ಥಂಡರ್‌ಬರ್ಡ್‌ನ ಫಿಲ್ಟರ್ ಕೂಡ ಇದೇ ಜಾತಿಯದ್ದು. ಅದಕ್ಕೆ ತನ್ನದೇ ಬುದ್ಧಿ ಅಂತ ಇಲ್ಲ, ನೀವು ಹೇಳಿಕೊಟ್ಟಷ್ಟೇ.

ಅಪ್ಪ ಏನು ಹೇಳಿಕೊಟ್ಟಿದ್ದರು? 'ಪ್ರೀಮಿಯಂ', 'ಪಾಲಿಸಿ', 'ಖಾತೆ', 'ಡ್ಯೂ ಡೇಟ್' ಇರೋದೆಲ್ಲ ಕಸ ಅಂತ. ಒಳ್ಳೆಯದು ಯಾವುದು ಅಂತ ಒಮ್ಮೆಯೂ ಹೇಳಿರಲಿಲ್ಲ. ಇನ್‌ಬಾಕ್ಸ್‌ನಲ್ಲಿ ಸುಮ್ಮನೆ ಓದಿ ಬಿಟ್ಟ ಮೇಲನ್ನು ಅದು ಒಳ್ಳೆಯದು ಅಂತ ಕಲಿಯೋದಿಲ್ಲ. 'ಇದು ಜಂಕ್ ಅಲ್ಲ' ಅಂತ ನೀವೇ ಗುರುತು ಹಾಕಬೇಕು. ಈ ಅರ್ಧ ಪಾಠದ ಸಮಸ್ಯೆ ಅಪ್ಪನಂಥವರದ್ದು ಮಾತ್ರ ಅಂದುಕೊಳ್ಳಬೇಡಿ. ಫಿಲ್ಟರ್ ಕೆಲಸ ಮಾಡ್ತಿಲ್ಲ, ಬೇಕಾದ್ದೆಲ್ಲ ಜಂಕಿಗೆ ಹೋಗ್ತಿದೆ ಅಂತ ಗೊಣಗುವ ನನ್ನ ಟೀಮಿನವರಲ್ಲಿ ಮೂರು ಜನರನ್ನು ಕೇಳಿದೆ. ಯಾರೂ ಜೀವಮಾನದಲ್ಲಿ 'ನಾಟ್ ಜಂಕ್' ಒತ್ತಿರಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಕಲ್ಲು ಆರ್ಸು ಅಂತ ಮೊರ ಕೊಟ್ರೆ ಅಕ್ಕಿನೂ ಸೇರಿಸಿ ತಿಪ್ಪೆಗೆ ಹಾಕಿದ್ದಾರೆ" ಅಂದಳು. ಅಪ್ಪ ಮಾತಾಡಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬೆಂಕಿಯ ಚಿತ್ರ ನೋಡಿ ಸುಡೋದು ಅಂದುಕೊಂಡವರದ್ದೇನು ತಪ್ಪು? ಹೇಳದೇ ಹೋದವಳು ನಾನು.

ಅವತ್ತು ಮಧ್ಯಾಹ್ನ ಮಾಡಿದ್ದು ಇಷ್ಟು. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಮತ್ತು ಸೆಕ್ಯುರಿಟಿ ಭಾಗದಲ್ಲಿ ಜಂಕ್ ಅನ್ನೋ ತಲೆಬರಹದಡಿ 'ರೀಸೆಟ್ ಟ್ರೈನಿಂಗ್ ಡೇಟಾ' ಅಂತಿದೆ (ನಿಮ್ಮ ಆವೃತ್ತಿಯಲ್ಲಿ ಜಾಗ ಸ್ವಲ್ಪ ಆಚೀಚೆ ಇರಬಹುದು). ಅದನ್ನು ಒತ್ತಿ, ಕಲಿತದ್ದನ್ನೆಲ್ಲ ಮರೆಸಿದೆ. ಪಾಠ ಇಷ್ಟು ಕೆಟ್ಟಿರುವಾಗ ತಿದ್ದುವುದಕ್ಕಿಂತ ಹೊಸದಾಗಿ ಶುರು ಮಾಡೋದೇ ಬೇಗ. ಆಮೇಲೆ ಜಂಕಿನಲ್ಲಿದ್ದ ಒಳ್ಳೆಯ ಮೇಲ್‌ಗಳನ್ನು ಒಟ್ಟಿಗೆ ಆರಿಸಿ ಶಿಫ್ಟ್ ಮತ್ತು ಜೆ ಕೀಲಿ ಒತ್ತಿದರೆ 'ಜಂಕ್ ಅಲ್ಲ' ಅಂತಾಗುತ್ತೆ. ಇನ್‌ಬಾಕ್ಸ್‌ನಲ್ಲಿದ್ದ ಒಳ್ಳೆಯ ಮೇಲ್‌ಗಳಿಗೂ ಅದೇ ಮಾಡಿದೆವು. ನಿಜವಾದ ಕಸಕ್ಕೆ ಬರೀ ಜೆ. ಅಪ್ಪ ಕೂತು ಒಂದೊಂದನ್ನೇ ಓದಿ ತೀರ್ಪು ಕೊಡುತ್ತಿದ್ದರು, ಸಾಲದ ಅರ್ಜಿ ನೋಡಿದ ಹಾಗೆ.

ಸೀರೆ ಅಂಗಡಿಯ ಮೇಲ್ ಹತ್ತಿರ ಸಿಕ್ಕಿಹಾಕಿಕೊಂಡೆವು. "ಇದು ಕಸಾನೇ ಅಲ್ವೇನಮ್ಮಾ?" ಬೇಡದ್ದು ಹೌದು, ಆದರೆ ಅಮ್ಮ ತಾನೇ ವಿಳಾಸ ಕೊಟ್ಟದ್ದು. ಅಂಥದ್ದಕ್ಕೆ ಕೆಳಗಿರುವ 'ಅನ್‌ಸಬ್‌ಸ್ಕ್ರೈಬ್' ಒತ್ತಬೇಕು. ಜಂಕ್ ಅಂದರೆ ಆ ಅಂಗಡಿಯ 'ಆರ್ಡರ್', 'ಪೇಮೆಂಟ್', 'ಡೆಲಿವರಿ' ಅನ್ನೋ ಪದಗಳಿಗೂ ಮಸಿ ಮೆತ್ತಿಕೊಳ್ಳುತ್ತೆ. ಗುರುತು ಪರಿಚಯ ಇಲ್ಲದವರ ಕಸದಲ್ಲಿ ಮಾತ್ರ ಆ ಅನ್‌ಸಬ್‌ಸ್ಕ್ರೈಬ್ ಲಿಂಕ್ ಮುಟ್ಟಬೇಡಿ. ಈ ವಿಳಾಸದಲ್ಲಿ ಯಾರೋ ಇದ್ದಾರೆ ಅಂತ ಅವರಿಗೆ ನೀವೇ ಹೇಳಿದ ಹಾಗಾಗುತ್ತೆ.

ಅಕೌಂಟ್ ಸೆಟ್ಟಿಂಗ್ಸ್‌ನ ಜಂಕ್ ಪುಟದಲ್ಲಿ ಎರಡು ವಿಷಯ ನೋಡಿ. ಒಂದು, ಅಡ್ರೆಸ್ ಬುಕ್‌ನಲ್ಲಿರುವವರಿಂದ ಬಂದದ್ದನ್ನು ಜಂಕ್ ಅಂತ ತಾನಾಗಿ ಗುರುತಿಸಬೇಡ ಅನ್ನುವ ಆಯ್ಕೆ. ಅದನ್ನು ಟಿಕ್ ಮಾಡಿ, ವಿಮೆ, ಬ್ಯಾಂಕ್, ಆಸ್ಪತ್ರೆ, ಗ್ಯಾಸ್ ಏಜೆನ್ಸಿ ಯಾವ ವಿಳಾಸದಿಂದ ಕಳಿಸುತ್ತವೋ ಅದನ್ನೆಲ್ಲ ಅಡ್ರೆಸ್ ಬುಕ್‌ಗೆ ಸೇರಿಸಿದೆ. ನಿಮ್ಮ ಸ್ವಂತ ವಿಳಾಸ ಅದರಲ್ಲಿದ್ದರೆ ತೆಗೆದುಬಿಡಿ. ನೀವೇ ನಿಮಗೆ ಕಳಿಸಿದ ಹಾಗೆ ವೇಷ ಹಾಕಿಕೊಂಡು ಬರುವ ಕಸವೂ ಇರುತ್ತೆ, ಅದಕ್ಕೆ ಬಾಗಿಲು ತೆರೆದಿಟ್ಟ ಹಾಗಾಗುತ್ತೆ.

ಇನ್ನೊಂದು, ಇಷ್ಟು ದಿನಕ್ಕಿಂತ ಹಳೆಯ ಜಂಕನ್ನು ತಾನಾಗಿ ಅಳಿಸು ಅನ್ನೋದು. ಅಪ್ಪನ ಕಂಪ್ಯೂಟರಿನಲ್ಲಿ ಅದು ಟಿಕ್ ಆಗಿರಲಿಲ್ಲ, ಅದಕ್ಕೇ ಆ ನಾಲ್ಕು ಮೇಲ್ ನನಗೆ ಸಿಕ್ಕಿದ್ದು. ಜಾಗ ಉಳಿಯುತ್ತೆ ಅಂತ ನಾನೇ ಒಂದು ಕಾಲದಲ್ಲಿ ಎಲ್ಲರಿಗೂ ಅದನ್ನು ಟಿಕ್ ಮಾಡಿ ಅನ್ನುತ್ತಿದ್ದೆ. ಈಗ ಅನ್ನೋದಿಲ್ಲ. ಪಾಠ ಕಲಿಯುವ ಮೊದಲ ಎರಡು ತಿಂಗಳಾದರೂ ಬೇಡ.

ಊರಿನ ಮನೆಯಲ್ಲಿ ಹೀಗೆ ಒಂದು ಡೆಸ್ಕ್‌ಟಾಪ್ ಇದ್ದರೆ, ಹಬ್ಬಕ್ಕೆ ಹೋದಾಗ ಜಂಕ್ ಫೋಲ್ಡರ್ ಒಮ್ಮೆ ತೆಗೆದು ನೋಡಿ. ಹತ್ತು ನಿಮಿಷದ ಕೆಲಸ. ಪಕ್ಕದಲ್ಲಿ ಅವರನ್ನೂ ಕೂರಿಸಿಕೊಳ್ಳಿ, ನೀವೇ ಪಟಪಟ ಮಾಡಿ ಎದ್ದು ಬರಬೇಡಿ.

ಅಪ್ಪನ ಆಪರೇಷನ್ ಮೊನ್ನೆ ಸೋಮವಾರ ಆಯಿತು, ವಿಮೆಯಲ್ಲೇ. ಕಪ್ಪು ಕನ್ನಡಕ ಹಾಕಿಕೊಂಡು ಸ್ಕ್ರೀನ್ ನೋಡಬಾರದು ಅಂತ ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಈಗ ಅಮ್ಮ ಮೇಲ್ ಓದಿ ಹೇಳುತ್ತಾಳೆ, ಅಪ್ಪ ಕುರ್ಚಿಯಲ್ಲಿ ಕೂತು ಜೆ, ಶಿಫ್ಟ್ ಜೆ ಅಂತ ಆರ್ಡರ್ ಕೊಡುತ್ತಾರೆ. ನಿನ್ನೆ ಫೋನಿನಲ್ಲಿ ಅಮ್ಮನ ದೂರು: "ನನ್ನ ಸೀರೆ ಅಂಗಡೀದು ನಿಲ್ಲಿಸಿಬಿಟ್ರಂತಲ್ಲ, ಯಾರನ್ನ ಕೇಳಿ ನಿಲ್ಲಿಸಿದ್ರಿ?"